ಬಣ್ಣಪ್ರಮಾಣ ವಿಚಾರ

ಜ್ಞಾನಕ್ಕೆ ಸಾಧನಗಳು ಮೂರೆಂದು ಮಧ್ವಮತ: ಪ್ರತ್ಯಕ್ಷ, ಅನುಮಾನ, ಆಗಮ. ಒಂದು ಕೋಣೆಗೆ ಎಷ್ಟು ಲೀಟರ್ ಪೈಂಟ್ ತರಬೇಕೆಂಬ ಜ್ಞಾನಕ್ಕೂ ಇವು ಸಾಲುತ್ತವೆಯೇ ಎಂಬುದು ಪ್ರಸ್ತುತ ಪ್ರಬಂಧದ ಜಿಜ್ಞಾಸೆ.

ಆಗಮವೆಂದರೆ ಡಬ್ಬಿಯ ಮೇಲಿನ ಅಚ್ಚು. ಎರಡು ಕೋಟ್ ಬಳಿದರೆ ಲೀಟರಿಗೆ ಸುಮಾರು 120 ಚದರಡಿ. ಆದರೆ ಗೋಡೆ ನುಣುಪಾಗಿರಬೇಕು. ಈ ಎರಡನೆಯ ವಾಕ್ಯ ಸಣ್ಣಕ್ಷರದಲ್ಲಿರುವುದರಿಂದ ಭಾಷ್ಯಕಾರರು, ಅಂದರೆ ಅಂಗಡಿಯವರು, ಅದನ್ನು ವ್ಯಾಖ್ಯಾನಿಸುವ ಗೋಜಿಗೆ ಹೋಗುವುದಿಲ್ಲ. ಪುಟ್ಟಿ, ಪ್ರೈಮರ್ ಕಾಣದ ಒರಟು ಗಾರೆ ಮೊದಲ ಕೋಟನ್ನು ಕುಡಿದು ಏನೂ ಆಗಿಲ್ಲವೆಂಬಂತೆ ನಿಂತಿರುತ್ತದೆ.

ಅನುಮಾನ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವ ಮಗನದು. ಕೋಣೆ 10×12, ಎತ್ತರ 10 ಅಡಿ. ನಾಲ್ಕು ಗೋಡೆ ಸೇರಿ 440 ಚದರಡಿ. ಬಾಗಿಲು 21, ಎರಡು ಕಿಟಕಿ 32 ಕಳೆದರೆ 387. ಭಾಗಿಸಿದರೆ 3.2 ಲೀಟರ್. ಅಂಗಡಿಯಲ್ಲಿ ಸಿಗುವುದು ಒಂದು, ನಾಲ್ಕು, ಹತ್ತು, ಇಪ್ಪತ್ತರ ಡಬ್ಬಿ; ಆದ್ದರಿಂದ ನಾಲ್ಕು. ತರ್ಕ ನಿರ್ದುಷ್ಟ.

ಪ್ರತ್ಯಕ್ಷ ಪೈಂಟರದು. ಅವರು ಟೇಪು ಮುಟ್ಟುವುದಿಲ್ಲ. ಗೋಡೆಗೆ ಬೆರಳು ಉಜ್ಜಿ, ಹತ್ತಿದ ಬಿಳಿ ಪುಡಿ ನೋಡಿ, “ಹಳೇ ಸುಣ್ಣ ಮಾರಾಯ್ರೇ, ನಾಲ್ಕರಲ್ಲಿ ಆಗ್ಲಿಕ್ಕಿಲ್ಲ” ಎನ್ನುತ್ತಾರೆ. ಮಗನ ಲೆಕ್ಕದಲ್ಲಿ ಸುಣ್ಣಕ್ಕೆ ಅಂಕಣವೇ ಇಲ್ಲ.

ಇಲ್ಲಿ ಕಾರ್ಕಳ ಪಂಥದವರ ಆಕ್ಷೇಪ: 1432ರಲ್ಲಿ ಪ್ರತಿಷ್ಠೆಯಾದ 42 ಅಡಿಯ ಗೊಮ್ಮಟನಿಗೆ ಪೈಂಟೇ ಬೇಕಾಗಿಲ್ಲವಲ್ಲ? ನಿಜ. ಆದರೆ ದಿಗಂಬರನ ದೃಷ್ಟಾಂತ ಸಂಸಾರಿಯ ಪಡಸಾಲೆಗೆ ಸಲ್ಲದು.

ನಿಜವಾದ ತೊಡಕು ಮಧ್ವಮತದ ಪಂಚಭೇದಗಳಲ್ಲೊಂದಾದ ಜಡ-ಜಡ ಭೇದದ್ದು. ನಾಲ್ಕು ಲೀಟರ್ ಮುಗಿದು ಮೂರನೇ ಗೋಡೆಯ ನಡುವೆ ಬ್ರಷ್ ಒಣಗಿದಾಗ ಮತ್ತೊಂದು ಡಬ್ಬಿ ತರುತ್ತೀರಿ. ಅದೇ ಕಂಪನಿ, ಅದೇ ಶೇಡ್ ನಂಬರು, ಯಂತ್ರದಲ್ಲಿ ಕಲಸಿದ್ದು ಮಾತ್ರ ಬೇರೆ ದಿನ. ಒಣಗಿದ ಮೇಲೆ ಡಬ್ಬಿಗೂ ಡಬ್ಬಿಗೂ ಇರುವ ಭೇದ ಸತ್ಯವೆಂದು ಗೋಡೆಯೇ ಸಾರುತ್ತದೆ. ಎದುರು ಮನೆಯ ಅದ್ವೈತಿಗೂ ಅದು ಕಾಣುತ್ತದೆ. 1901ರ ಕಾಪು ದೀಪಸ್ತಂಭದ್ದು ಕಪ್ಪು-ಬಿಳಿ ಪಟ್ಟೆಯಾದ್ದರಿಂದ ಶೇಡ್ ಕಲಸುವ ಈ ಭವಬಂಧನ ಅದಕ್ಕಿಲ್ಲ.

ಸಿದ್ಧಾಂತ: ಮಗನ ಲೆಕ್ಕಕ್ಕೆ ಪೈಂಟರು ಹೇಳುವಷ್ಟು ಲೀಟರ್ ಹೆಚ್ಚಿಗೆ ಸೇರಿಸಿ, ಎಲ್ಲ ಡಬ್ಬಿಗಳನ್ನೂ ಒಂದೇ ದಿನ ಕಲಸಿಸಿ ತನ್ನಿ, ದೊಡ್ಡ ಬಕೆಟಿನಲ್ಲಿ ಒಟ್ಟಿಗೆ ಬೆರೆಸಿಯೇ ಬ್ರಷ್ ಅದ್ದಿ. ಮಿಕ್ಕಿದ್ದರ ಮುಚ್ಚಳದ ಮೇಲೆ ಶೇಡ್ ನಂಬರು ಬರೆದಿಡಿ. ಕಲಸಿದ ಬಣ್ಣವನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ.