ಸಪ್ತಾಹ ವಿದೇಶವ್ಯಾಸಂಗ ಮೀಮಾಂಸೆ

ಯಾವ ಶಾಸ್ತ್ರಗ್ರಂಥವಾದರೂ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಟ್ಟೇ ಮುಂದಡಿಯಿಡಬೇಕೆಂಬುದು ಹಿರಿಯರ ಕಟ್ಟಳೆ: ವಿಷಯವೇನು, ಪ್ರಯೋಜನವೇನು, ಸಂಬಂಧವೇನು, ಅಧಿಕಾರಿ ಯಾರು. ಈ ಶಾಸ್ತ್ರದ ವಿಷಯ, ಬೆಂಗಳೂರಿನ ಎಂಬಿಎ ವಿದ್ಯಾರ್ಥಿಗಳು ಏಳು ದಿನದ ಮಟ್ಟಿಗೆ ದುಬೈಗೆ ಹೋಗಿ ವ್ಯಾಸಂಗ ಮಾಡಿ ಬರುವುದು. ಪ್ರಯೋಜನ, ಎರಡು ಕ್ರೆಡಿಟ್. ಸಂಬಂಧ, ಕಾಲೇಜಿಗೂ ಟ್ರಾವೆಲ್ಸ್‌ನವರಿಗೂ ಇರುವಂಥದ್ದು. ಅದರ ಸ್ವರೂಪ ಅನಿರ್ವಚನೀಯ. ಅಧಿಕಾರಿ, ಮೊದಲ ಕಂತು ಕಟ್ಟಿದವರು.

ಮೀಮಾಂಸಕನ ಯೋಗ್ಯತೆಯನ್ನೂ ಹೇಳಿಬಿಡಬೇಕು. ಒಂದು ವರ್ಷ ನಾನು ಸಹಗಾಮಿ ಅಧ್ಯಾಪಕನೆಂಬ ಬಿರುದಿನಲ್ಲಿ ನಲವತ್ತೊಂದು ಮಕ್ಕಳನ್ನು ಕರೆದುಕೊಂಡು ಹೋಗಿ, ನಲವತ್ತೊಂದನ್ನೂ ಎಣಿಸಿ ವಾಪಸು ತಂದೆ. ಮರುವರ್ಷ ಹೋಗದೆ ಉಳಿದ ಇಬ್ಬರಿಗೆ ಕಾವಲಾದೆ. ಕಾಲೇಜಿನ ಹೆಸರು ಬೇಡ. ನನ್ನ ಪಿಎಫ್ ಇನ್ನೂ ಅಲ್ಲೇ ಇದೆ.

ಮೊದಲು ನಾಮವಿಚಾರ. ಕರಪತ್ರದಲ್ಲಿ ಇದರ ಹೆಸರು 'ಇಂಟರ್‌ನ್ಯಾಷನಲ್ ಇಮ್ಮರ್ಶನ್ ಪ್ರೋಗ್ರಾಂ'. ಹಾಸ್ಟೆಲ್ಲಿನಲ್ಲಿ 'ಫಾರಿನ್ ಟ್ರಿಪ್'. ಪಿಜಿಗಳಲ್ಲಿರುವ ನಮ್ಮ ಮಕ್ಕಳಿಗೆ ಇಮ್ಮರ್ಶನ್ ಎಂಬ ಪದದ ಪೂರ್ವಪರಿಚಯ ಬಕೆಟ್ಟಿನ ನೀರು ಕಾಯಿಸುವ ರಾಡಿನಿಂದ ಆಗಿರುತ್ತದೆ. ತಪ್ಪು ಪರಿಚಯವೇನಲ್ಲ. ರಾಡು ನೀರಿನಲ್ಲಿ ಮುಳುಗಿದರೂ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹತ್ತು ನಿಮಿಷ ತಾನೂ ಕಾದು, ಸುತ್ತಲಿನದನ್ನೂ ಕಾಯಿಸಿ, ಹೋದಂತೆಯೇ ಹೊರಬಂದು ಮೊಳೆಗೆ ನೇತುಬೀಳುತ್ತದೆ. ಧಾತ್ವರ್ಥ ಹಿಡಿದರೆ ಇಮ್ಮರ್ಶನ್ ಎಂದರೆ ಮುಳುಗುವುದು. 'ಸಾಲದಲ್ಲಿ' ಎಂಬುದನ್ನು ತಂದೆತಾಯಂದಿರು ಅಧ್ಯಾಹಾರ ಮಾಡಿಕೊಂಡು ಓದುತ್ತಾರೆ. ಖರ್ಚು ಲಕ್ಷದ ಆಸುಪಾಸು.

ಇನ್ನು ಲಕ್ಷಣ. 'ವಿಮಾನ ಹತ್ತಿಸಿ, ವಾರದೊಳಗೆ ವಾಪಸು ತಂದು, ಸರ್ಟಿಫಿಕೇಟು ಕೊಡುವಂಥದ್ದು' ಎಂದರೆ ಅತಿವ್ಯಾಪ್ತಿ: ಹನಿಮೂನ್ ಪ್ಯಾಕೇಜೂ ಇದರೊಳಗೆ ಬರುತ್ತದೆ. ಅವರಿಗೆ ಸರ್ಟಿಫಿಕೇಟು ಹೊರಡುವ ಮೊದಲೇ ಸಿದ್ಧವಿರುತ್ತದಲ್ಲ ಎನ್ನಬಹುದು. ನಮ್ಮದೂ ಹಾಗೇ ಎಂಬುದು ಮುಂದೆ ತಿಳಿಯುತ್ತದೆ. 'ಓದು ನಡೆಯತಕ್ಕದ್ದು' ಎಂದು ಸೇರಿಸಿದರೆ ಅಸಂಭವದೋಷ. ಆದ್ದರಿಂದ ನನ್ನ ಲಕ್ಷಣ ಇಷ್ಟು: ನಲವತ್ತು ಜನ ಬ್ಲೇಜರ್ ತೊಟ್ಟು, ಒಂದೇ ಬಸ್ಸಿನಲ್ಲಿ ಕೂತು, ಇನ್ನೊಂದು ದೇಶವನ್ನು ಗಾಜಿನೊಳಗಿಂದ ನೋಡುವುದು. ಇದರಲ್ಲಿ ಬ್ಲೇಜರ್ ಎಂಬುದೇ ವ್ಯಾವರ್ತಕ ಪದ. ಹೊರಗೆ ನಲವತ್ತು ಡಿಗ್ರಿ ಇದ್ದರೂ ಅದನ್ನು ಕಳಚುವ ಹಾಗಿಲ್ಲ, ಜೇಬಿನ ಮೇಲೆ ಕಾಲೇಜಿನ ಲಾಂಛನ ಇದೆ.

ಏಳು ದಿನದಲ್ಲಿ ಏನು ಕಲಿತಾರು ಎಂಬುದು ಪೂರ್ವಪಕ್ಷ. ಶುಕಮುನಿ ಪರೀಕ್ಷಿತನಿಗೆ ಭಾಗವತ ಹೇಳಿದ್ದೂ ಏಳೇ ದಿನ. ಅಷ್ಟರಲ್ಲಿ ಮೋಕ್ಷವೇ ಸಿಕ್ಕಿದ ಮೇಲೆ 'ಗ್ಲೋಬಲ್ ಮೈಂಡ್‌ಸೆಟ್' ಯಾವ ಲೆಕ್ಕ? ಪರೀಕ್ಷಿತ ನಡುವೆ ಎದ್ದು ಶಾಪಿಂಗಿಗೆ ಹೋಗಲಿಲ್ಲವಲ್ಲ ಎಂದು ಕೇಳಬಹುದು. ಅವನಿಗೆ ಏಳನೇ ದಿನ ಹಾವು ಕಚ್ಚುವುದು ಖಚಿತವಿತ್ತು. ನಮ್ಮವರಿಗೆ ಏಳನೇ ದಿನ ಇರುವುದು ಬರೀ ಕ್ವಿಜ್, ಅದೂ ಗೂಗಲ್ ಫಾರ್ಮಿನಲ್ಲಿ.

ಶಾಸ್ತ್ರದ ಇತಿಹಾಸ ದೊಡ್ಡದು. 629ರಲ್ಲಿ ಚೀನಾದಿಂದ ಹೊರಟ ಹ್ಯೂಯೆನ್ ತ್ಸಾಂಗ್ ಮರಳಿದ್ದು 645ರಲ್ಲಿ. ನಲಂದಾದಲ್ಲಿ ಕೂತು ಓದಿ, ಇಮ್ಮಡಿ ಪುಲಕೇಶಿಯ ನಾಡನ್ನೂ ಕಂಡು, 657 ಗ್ರಂಥಗಳನ್ನು ಹೊರಿಸಿಕೊಂಡು ಹೋದ. ನಮ್ಮ ಪ್ರೋಗ್ರಾಮಿನ ನಿಯಮದಂತೆ ಈತ ನಪಾಸು: ಚಕ್ರವರ್ತಿಯ ಎನ್‌ಒಸಿ ಇಲ್ಲದೆ ಹೊರಟದ್ದು, ರಿಟರ್ನ್ ಟಿಕೆಟ್ ಇಲ್ಲದ್ದು, ಮೂವತ್ತು ಕಿಲೋ ಮೀರಿದ ಲಗೇಜು. 1888ರಲ್ಲಿ ಗಾಂಧಿ ಲಂಡನ್ನಿಗೆ ಹೊರಟಾಗ ಜಾತಿಯ ಹಿರಿಯರು ಬಹಿಷ್ಕಾರ ಹಾಕಿದ್ದರು. ಈಗ ಆ ಆಚಾರ ತಿರುಗಿಕೊಂಡಿದೆ. ಸಮುದ್ರ ದಾಟದವರನ್ನೇ ವಾಟ್ಸಾಪ್ ಗುಂಪಿನಿಂದ ಹೊರಗಿಡುತ್ತಾರೆ.

ಆದರೆ ವಾಣಿಜ್ಯ ವಿದ್ಯಾರ್ಥಿಗಳ ಈ ಶಾಸ್ತ್ರಕ್ಕೆ ಮೂಲಪುರುಷ ಆಡಂ ಸ್ಮಿತ್. ಆ ಕಾಲದ ಇಂಗ್ಲೆಂಡಿನ ಸಿರಿವಂತರು ಮಕ್ಕಳನ್ನು ಯುರೋಪು ಸುತ್ತಲು ಕಳಿಸುತ್ತಿದ್ದರು, ಜೊತೆಗೊಬ್ಬ ಮೇಷ್ಟ್ರು. ಆ ಮೇಷ್ಟ್ರನ್ನು ಜನ ಕರಡಿ ಆಡಿಸುವವನೆಂದು ಗೇಲಿ ಮಾಡುತ್ತಿದ್ದರು. 1764ರಲ್ಲಿ ಸ್ಮಿತ್ ಗ್ಲಾಸ್ಗೋದ ಪ್ರಾಧ್ಯಾಪಕ ಹುದ್ದೆ ಬಿಟ್ಟು, ಬಕ್ಲೂವಿನ ಎಳೆಯ ಡ್ಯೂಕನ ಹಿಂದೆ ಫ್ರಾನ್ಸಿಗೆ ಹೊರಟ. ವರ್ಷಕ್ಕೆ 300 ಪೌಂಡ್, ಆಮೇಲೆ ಸಾಯುವತನಕ ಅಷ್ಟೇ ಪಿಂಚಣಿ. ತುಲೂಸಿನಲ್ಲಿ ಎಷ್ಟು ಬೇಸರವಾಯಿತೆಂದರೆ, ಹೊತ್ತು ಕಳೆಯಲು ಒಂದು ಪುಸ್ತಕ ಬರೆಯತೊಡಗಿದ್ದೇನೆ ಎಂದು ಗೆಳೆಯ ಹ್ಯೂಮನಿಗೆ ಕಾಗದ ಹಾಕಿದ. ಅರ್ಥಶಾಸ್ತ್ರದ ಬುನಾದಿ ಎಂದು ಜಗತ್ತು ಕೊಂಡಾಡುವ 'ವೆಲ್ತ್ ಆಫ್ ನೇಷನ್ಸ್' ಹೊರಬಂದದ್ದು 1776ರಲ್ಲಿ. ಅದರಲ್ಲೇ ಆತ ಹೀಗೆ ಹುಡುಗರನ್ನು ಹೊರದೇಶಕ್ಕೆ ಅಟ್ಟುವ ಪದ್ಧತಿಯನ್ನು ಚೆನ್ನಾಗಿ ಝಾಡಿಸಿದ್ದಾನೆ: ಹೋದವರು ಜಂಭ ಹೆಚ್ಚಿಸಿಕೊಂಡು ಬರುತ್ತಾರೆ, ಕಣ್ಣೆದುರೇ ಕೆಡುತ್ತಿರುವ ಮಗನನ್ನು ನೋಡುವ ಕಷ್ಟ ಅಪ್ಪನಿಗೆ ಕೆಲಕಾಲ ತಪ್ಪುತ್ತದೆ, ಇದೆಲ್ಲಕ್ಕೂ ಮೂಲ ವಿಶ್ವವಿದ್ಯಾಲಯಗಳು ಕೆಟ್ಟಿರುವುದು ಎಂದು. ಪಿಂಚಣಿ ಮಾತ್ರ ಬರುತ್ತಲೇ ಇತ್ತು. ಈ ಭಾಗವನ್ನು ಯಾವ ಎಂಬಿಎ ಸಿಲಬಸ್ಸಿನಲ್ಲೂ ನಾನು ಕಂಡಿಲ್ಲ. ನಲವತ್ತೊಂದು ಕರಡಿಗಳನ್ನು ಒಬ್ಬನೇ ಆಡಿಸಿದ ನನಗೆ ದೊರೆತದ್ದು ದಿನಭತ್ಯೆ ಮತ್ತು ಒಂದು ಕ್ಯಾಪು.

1923ರಲ್ಲಿ ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯ ಎಂಟು ವಿದ್ಯಾರ್ಥಿಗಳನ್ನು ಒಂದು ವರ್ಷಕ್ಕೆಂದು ಫ್ರಾನ್ಸಿಗೆ ಹಡಗು ಹತ್ತಿಸಿತು. ಇಂದು ಅಮೆರಿಕದಿಂದ ಹೊರದೇಶಕ್ಕೆ ಓದಲು ಹೋಗುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಎಂಟು ವಾರದೊಳಗೇ ಮನೆಗೆ ವಾಪಸು. ಹದಿನಾರು ವರ್ಷ, ಒಂದು ವರ್ಷ, ಎಂಟು ವಾರ, ಏಳು ದಿನ. ಈ ಜಾಡು ಹಿಡಿದರೆ ಮುಂದಿನ ತಲೆಮಾರಿಗೆ ದುಬೈಯಲ್ಲಿ ವಿಮಾನ ಬದಲಿಸುವ ಮೂರು ಗಂಟೆಗೇ ಎರಡು ಕ್ರೆಡಿಟ್ ಸಿಗಬೇಕು.

ಈಗ ಪ್ರಯಾಣ. ಓರಿಯೆಂಟೇಶನ್ನಿನಲ್ಲಿ ಪೋಷಕರಿಗೆ ಒತ್ತಿ ಹೇಳುವ ಮಾತು ಒಂದೇ: ಗಸಗಸೆ ಕಟ್ಟಿಕೊಡಬೇಡಿ. ಯುಎಇಯಲ್ಲಿ ಗಸಗಸೆ ನಿಷಿದ್ಧ, ಸಿಕ್ಕಿದರೆ ಮಾದಕವಸ್ತುವಿನ ಲೆಕ್ಕ. ಅದನ್ನು ಕೇಳಿ ಒಬ್ಬ ತಾಯಿ, 'ಸಾರ್, ಪಾಯಸ ಮಾಡಿ ಬಾಟ್ಲಿಗೆ ಹಾಕಿದ್ರೆ?' ಎಂದರು. ದ್ರವ್ಯ ಬೇರೆ, ರೂಪ ಬೇರೆ ಎಂಬ ತರ್ಕ. ಸುಂಕದವರು ಒಪ್ಪುವವರಲ್ಲ ಎಂದೆ. ಮಿಕ್ಕಂತೆ ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ನಾಲ್ವರಿಗೊಂದು ಕೆಟಲ್ಲು. ಕಾಲೇಜಿನಿಂದ ವಿಮಾನ ನಿಲ್ದಾಣಕ್ಕೆ ಮೂರು ಗಂಟೆ ಹಿಡಿಯಿತು, ಬೆಂಗಳೂರಿನಿಂದ ದುಬೈಗೆ ನಾಲ್ಕು. ವಿದೇಶ ಎಲ್ಲಿಂದ ಶುರುವಾಗುತ್ತದೆ ಎಂಬುದು ಹಾಗಾಗಿ ವಿವಾದದ ವಿಷಯ. ನನ್ನ ಮತದಲ್ಲಿ ಹೆಬ್ಬಾಳದಿಂದ.

ಜ್ಞಾನಸಾಧನಗಳ ಪೈಕಿ ಅಲ್ಲಿ ಹೆಚ್ಚು ಬಳಕೆಯಾದದ್ದು ಉಪಮಾನ. ಕಂಡದ್ದನ್ನೆಲ್ಲ ಮೊದಲೇ ಕಂಡಿದ್ದಕ್ಕೆ ಹೋಲಿಸಿ ತಿಳಿಯುವುದು. ದೇರಾದ ಪೇಟೆ ನಮ್ಮ ಚಿಕ್ಕಪೇಟೆ ಥರ, ಮೆಟ್ರೋ ನಮ್ಮ ಮೆಟ್ರೋ ಥರ, ಮರುಭೂಮಿ ಸಿನಿಮಾದ ಥರ. 828 ಮೀಟರಿನ ಬುರ್ಜ್ ಖಲೀಫಾಗೆ ಮಾತ್ರ ಉಪಮಾನ ಸಿಗದೆ ಎಲ್ಲರೂ ಒಂದು ಕ್ಷಣ ಮೌನವಾದರು. ಆಮೇಲೆ ಬೆನ್ನು ತಿರುಗಿಸಿ ಸೆಲ್ಫಿ ತೆಗೆದುಕೊಂಡರು. ಅನುಮಾನಪ್ರಮಾಣಕ್ಕೆ ಅವಕಾಶ ಕಡಿಮೆ. ಹೊಗೆ ಇದ್ದಲ್ಲಿ ಬೆಂಕಿ ಎಂಬ ನಮ್ಮ ಹಳೆಯ ನ್ಯಾಯ ಅಲ್ಲಿ ನಡೆಯಲಿಲ್ಲ; ಹೊಗೆ ಇದ್ದಲ್ಲಿ ಹುಕ್ಕಾ, ಹುಕ್ಕಾ ಇದ್ದಲ್ಲಿ ನಮ್ಮ ಹುಡುಗರು.

ಗಣಿತ ಮಾತ್ರ ಚೆನ್ನಾಗಿ ಕಲಿತರು. ಒಂದು ದಿರ್ಹಮಿಗೆ ಸುಮಾರು ಇಪ್ಪತ್ನಾಲ್ಕು ರೂಪಾಯಿ ಎಂದು ತಿಳಿದ ಮೊದಲ ದಿನವೇ ಇಪ್ಪತ್ನಾಲ್ಕರ ಮಗ್ಗಿ ಎಲ್ಲರಿಗೂ ಕಂಠಪಾಠ. ನೀರಿನ ಬಾಟಲಿಯನ್ನು ಇಪ್ಪತ್ನಾಲ್ಕರಿಂದ ಗುಣಿಸಿ, ಬಾಯಾರಿಕೆಯನ್ನು ತಡೆದುಕೊಂಡವರಿದ್ದರು. ಇದೇ ಊರಿನಲ್ಲಿ 1966ರವರೆಗೂ ಚಲಾವಣೆಯಲ್ಲಿದ್ದದ್ದು ರೂಪಾಯಿ. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕೇ ಕೊಲ್ಲಿಗೆಂದು ಬೇರೆ ನೋಟು ಹೊರಡಿಸಿತ್ತು. 1966ರಲ್ಲಿ ರೂಪಾಯಿಯನ್ನು ಅಪಮೌಲ್ಯ ಮಾಡಿದಾಗ ದುಬೈ ಅದಕ್ಕೆ ಕೈಮುಗಿಯಿತು. ಕರೆನ್ಸಿ ಎಂದರೆ ನಂಬಿಕೆ ಎಂದು ಎರಡು ಸೆಮಿಸ್ಟರ್ ಹೇಳಿಯೂ ಹತ್ತದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ ಎಂದು ಬಸ್ಸಿನಲ್ಲಿ ನಿಂತು ವಿವರಿಸಿದೆ. ಒಬ್ಬಳು ಕೈಯೆತ್ತಿ, 'ಸಾರ್, ಇದು ಕ್ವಿಜ್‌ಗೆ ಬರುತ್ತಾ?' ಎಂದಳು. ಬರುವುದಿಲ್ಲ ಎಂದೆ. ಪೆನ್ನುಗಳು ಒಳಗೆ ಹೋದವು.

ಇಂಡಸ್ಟ್ರಿಯಲ್ ವಿಸಿಟ್ ಎಂದರೆ ಜೆಬೆಲ್ ಅಲಿ. 1979ರಲ್ಲಿ ತೆರೆದ ಬಂದರು, 1985ರಿಂದ ಅದರ ಮಗ್ಗುಲಲ್ಲಿ ಮುಕ್ತ ವ್ಯಾಪಾರ ವಲಯ. ಬಸ್ಸು ನಿಧಾನವಾಯಿತು, ಗೈಡು 'ಎಡಗಡೆ ನೋಡಿ' ಎಂದ, ಎಡಗಡೆಯವರು ಕಂಟೇನರು ನೋಡಿದರು, ಬಲಗಡೆಯವರು ಎಡಗಡೆಯವರನ್ನು ನೋಡಿದರು. ಊಟಕ್ಕೆ ಹೊತ್ತಾಗಿತ್ತು. ಚಿನ್ನದ ಸೂಕಿಗೆ, ಎಂದರೆ ಚಿನ್ನದ ಪೇಟೆಗೆ, ಎರಡು ಗಂಟೆ ಕೊಟ್ಟಿದ್ದರು. ಕಟ್ಟಡ ಕಟ್ಟುವ ಕೂಲಿಗಳ ಶಿಬಿರಗಳಿರುವ ಜಾಗಕ್ಕೆ ಅಲ್ಲಿ ಸೋನಾಪುರ ಎನ್ನುತ್ತಾರೆ, ಅದೂ ಚಿನ್ನದ ಊರೇ. ಅದು ನಮ್ಮ ಪಟ್ಟಿಯಲ್ಲಿರಲಿಲ್ಲ. ಬಸ್ಸಿನ ಡ್ರೈವರು ಬೀದರಿನವನು ಎಂದು ತಿಳಿದದ್ದೇ ಕೊನೆಯ ದಿನ, ಮೈಕು ಕೆಟ್ಟು ಅವನು ಕನ್ನಡದಲ್ಲಿ ಬೈದಾಗ.

ವಿಶ್ವವಿದ್ಯಾಲಯದ ಪಾಠ ಅರ್ಧ ದಿನ. ಮಣಿಪಾಲದ ವಿಶ್ವವಿದ್ಯಾಲಯವೇ 2000ದಿಂದ ಆ ಊರಿನಲ್ಲಿ ಕ್ಯಾಂಪಸ್ ನಡೆಸುತ್ತಿದೆ ಎಂಬುದನ್ನು ನೆನೆದರೆ ಮುಂದಿನದು ಆಶ್ಚರ್ಯವಲ್ಲ: ನಾವು ಹೋದ ಬೇರೊಂದು ಸಂಸ್ಥೆಯಲ್ಲಿ 'ಸಂಸ್ಕೃತಿಗಳ ನಡುವಣ ಸಂವಹನ' ಕುರಿತು ಪಾಠ ಮಾಡಿದವರು ಕುಂದಾಪುರದ ಕಡೆಯವರು. ನಮ್ಮ ಇಂಗ್ಲಿಷ್ ಕೇಳುತ್ತಲೇ ಅವರಿಗೆ ಅನುಮಾನ ಬಂದು, ಟೀ ಹೊತ್ತಿನಲ್ಲಿ 'ಎಲ್ಲಾಯ್ತ್ ಮಾರಾಯ್ರೆ ನಿಮ್ದ್?' ಎಂದರು. ಸಂಸ್ಕೃತಿಗಳ ನಡುವೆ ಅಷ್ಟು ಸಲೀಸಾದ ಸಂವಹನವನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೊನೆಗೆ ಸರ್ಟಿಫಿಕೇಟು ವಿತರಣೆ. ಅವು ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಅಚ್ಚಾಗಿ, ನನ್ನ ಸೂಟ್‌ಕೇಸಿನಲ್ಲೇ ಸಮುದ್ರ ದಾಟಿ, ಅಲ್ಲಿ ಒಂದು ಸಹಿ ಬಿದ್ದು, ಮತ್ತೆ ಸಮುದ್ರ ದಾಟಿ ಬಂದವು. ಮರುರಫ್ತು ಎಂಬ ದುಬೈ ವ್ಯಾಪಾರದ ಜೀವಾಳವನ್ನು ಪೂರ್ತಿಯಾಗಿ ಅನುಭವಿಸಿದ್ದು ಆ ಕಾಗದಗಳೇ.

ಭಟ್ಕಳದ ಒಬ್ಬ ಹುಡುಗನ ಪ್ರಸಂಗ ಇಲ್ಲಿ ಹೇಳಬೇಕು. ಅವನಿಗೆ ದುಬೈ ವಿದೇಶವಲ್ಲ, ಚಿಕ್ಕಪ್ಪನ ಅಂಗಡಿ ಇರುವ ಊರು. ಎರಡನೇ ದಿನವೇ ಕಾಣೆಯಾದ. ಎರಡು ದಿನ ದೇರಾದ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆ ಪಕ್ಕ ಕೂತು, ನಾಲ್ಕು ಭಾಷೆಯಲ್ಲಿ ಚೌಕಾಸಿ ಕೇಳಿ, ಸಂಜೆ ಕ್ರೀಕಿನ ದಂಡೆಗೆ ಹೋಗಿ ಇರಾನಿಗೂ ಸೊಮಾಲಿಯಾಕ್ಕೂ ಹೊರಟ ಮರದ ಹಡಗುಗಳಿಗೆ ಫ್ರಿಜ್ಜು, ಟೈರು, ಅಕ್ಕಿಮೂಟೆ ತುಂಬುವುದನ್ನು ನೋಡಿ, ಒಂದು ದಿರ್ಹಮಿಗೆ ಆಬ್ರಾ ದೋಣಿ ಹತ್ತಿ ವಾಪಸಾದ. ದಂಡೆಯ ಮೇಲೆ ಅಷ್ಟು ಮಾಲು ಕಾವಲಿಲ್ಲದೆ ಬಿದ್ದಿರುತ್ತದಲ್ಲ, ವಿಮೆ ಯಾರು ಮಾಡಿಸ್ತಾರೆ ಸಾರ್ ಎಂದು ನನ್ನನ್ನು ಕೇಳಿದ. ಏಳು ದಿನದಲ್ಲಿ ನನಗೆ ಬಂದ ಒಂದೇ ಪ್ರಶ್ನೆ ಅದು, ಕ್ವಿಜ್‌ನದನ್ನು ಬಿಟ್ಟರೆ. ನನಗೆ ಉತ್ತರ ಗೊತ್ತಿರಲಿಲ್ಲ. ನಿಯಮದಂತೆ ಹಾಜರಾತಿ ಶೇ. 75 ಮುಟ್ಟಲಿಲ್ಲವೆಂದು ಅವನಿಗೆ ಸರ್ಟಿಫಿಕೇಟು ತಡೆಹಿಡಿಯಲಾಯಿತು, ತಡೆಹಿಡಿದವನೂ ನಾನೇ.

ಸಪ್ತಾಹ ಮುಗಿದ ಮೇಲೆ ಫಲಶ್ರುತಿ ಇರಲೇಬೇಕು. ಅದು ಲಿಂಕ್ಡ್‌ಇನ್‌ನಲ್ಲಿ ಪ್ರಕಟವಾಗುತ್ತದೆ. ಮೊದಲ ಸಾಲಿನಲ್ಲಿ ವಿನಯ, ಎರಡನೆಯದರಲ್ಲಿ ಬ್ಲೇಜರು, ಮೂರನೆಯದರಲ್ಲಿ ಕಾಲೇಜಿಗೆ ಕೃತಜ್ಞತೆ. ನಲವತ್ತು ಫಲಶ್ರುತಿಗಳಲ್ಲಿ ಪಾಠಭೇದ ಅತ್ಯಲ್ಪ. ಸಂಪಾದನಶಾಸ್ತ್ರದ ಪ್ರಕಾರ ಇವೆಲ್ಲ ಒಂದೇ ಮಾತೃಕೆಯ ಪ್ರತಿಗಳು. ಮಾತೃಕೆ ಚಾಟ್‌ಜಿಪಿಟಿಯದೆಂದು ನನ್ನ ಊಹೆ.

ಉಳಿದದ್ದು ಹೋಲಿಕೆಯ ಗುಂಪು. ಪ್ರಯೋಗ ಶುದ್ಧವಾಗಬೇಕಾದರೆ ಮದ್ದು ಕೊಡದ ಒಂದಿಷ್ಟು ಜನ ಬೇಕು. ಮರುವರ್ಷ ಇಬ್ಬರು ದುಡ್ಡು ಹೊಂದಿಸಲಾಗದೆ ತಾವಾಗಿಯೇ ಆ ಗುಂಪಾದರು: ಒಬ್ಬ ಹಿರಿಯೂರಿನವ, ಒಬ್ಬಳು ಮಾಗಡಿಯವಳು. ಅವರಿಗೂ ಎರಡು ಕ್ರೆಡಿಟ್ ಕೊಡಿಸಬೇಕಲ್ಲ. ಪೀಣ್ಯದಲ್ಲಿ ನನ್ನ ಪರಿಚಯದವರ ಸಣ್ಣ ಕಾರ್ಖಾನೆ ಇತ್ತು, ವಾಲ್ವಿನ ಬಿಡಿಭಾಗ ಮಾಡುತ್ತಾರೆ. ಬ್ಲೇಜರ್ ಇಲ್ಲದೆ ಮೆಟ್ರೋ ಹತ್ತಿ ಮೂವರೂ ಹೋದೆವು.

ಮೊದಲ ದಿನ ಮಾಲೀಕರು ಅವರಿಂದ ಪೆಟ್ಟಿಗೆಗಳ ಮೇಲೆ ಚೀಟಿ ಅಂಟಿಸಿದರು. ಎರಡನೇ ದಿನ ಕಾಗದಪತ್ರ ತೆಗೆದು ಹರಡಿದರು. ಇಲ್ಲಿಂದ ಲಾರಿಯಲ್ಲಿ ವೈಟ್‌ಫೀಲ್ಡಿನ ಕಂಟೇನರ್ ಡಿಪೋ, ಅಲ್ಲಿಂದ ರೈಲಿನಲ್ಲಿ ಚೆನ್ನೈ ಬಂದರು, ಅಲ್ಲಿಂದ ಹಡಗಿನಲ್ಲಿ ಜೆಬೆಲ್ ಅಲಿ. ನಾನು ಎಡಗಡೆ ನೋಡಿದ್ದ ಕಂಟೇನರಿನ ಬಾಲ ಇಲ್ಲಿತ್ತು. ಬಿಲ್ ಆಫ್ ಲೇಡಿಂಗ್ ಯಾರ ಕೈಯಲ್ಲಿದೆಯೋ ಮಾಲು ಅವರದು, ಅದನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಒಂದು ಕಥೆ, ನೇರವಾಗಿ ಕೊಟ್ಟರೆ ಇನ್ನೊಂದು ಕಥೆ ಎಂದರು. ಮಾತಿನ ನಡುವೆ ಬಂದ ಎಲ್‌ಸಿ ಎಂದರೇನು ಎಂದು ಮಾಗಡಿಯವಳು ಕೇಳಿದಳು.

'ಎಲ್‌ಸಿ ಇದ್ರೆ ಮಧ್ಯದಲ್ಲಿ ಬ್ಯಾಂಕ್ ನಿಂತ್ಕೊಂಡಿರುತ್ತಮ್ಮ. ಕಾಗದ ಸರಿ ಇದ್ರೆ ಅವನು ಕೊಡ್ದಿದ್ರೂ ಬ್ಯಾಂಕ್ ಕೊಡುತ್ತೆ. ಇಲ್ದಿದ್ರೆ ತೊಂಬತ್ತು ದಿನ ಅಂತಾನೆ, ಆಮೇಲೆ ಫೋನ್ ಎತ್ತಲ್ಲ.'

'ನೀವು ಎಲ್‌ಸಿ ತಗೊಂಡಿದ್ರಾ ಸಾರ್?'

ಅವರು ಸ್ವಲ್ಪ ಹೊತ್ತು ಲೇತಿನ ಕಡೆ ನೋಡಿದರು. ಹಳೇ ಗಿರಾಕಿ, ನಂಬಿ ಕಳಿಸಿಬಿಟ್ಟೆ ಎಂದರು. ದೇರಾದ ಒಬ್ಬ ವ್ಯಾಪಾರಿ, ಏಳು ತಿಂಗಳಾಗಿತ್ತು. ರಫ್ತಿನ ದುಡ್ಡು ಬಂತೇ ಎಂದು ಬ್ಯಾಂಕಿನವರು ಬೇರೆ ವಾರವಾರ ಕೇಳುತ್ತಿದ್ದಾರಂತೆ. ಹಿರಿಯೂರಿನವನು ಇದನ್ನೆಲ್ಲ ಬರೆದುಕೊಂಡ. ಕ್ವಿಜ್‌ಗೆ ಬರುತ್ತದೆಯೇ ಎಂದು ಅವನು ಕೇಳಲಿಲ್ಲ, ಅವರಿಗೆ ಕ್ವಿಜ್ ಇರಲಿಲ್ಲ.

ಮೂರನೇ ದಿನ ಹೊರಡುವಾಗ ಮಾಲೀಕರು ಗೇಟಿನವರೆಗೂ ಬಂದರು. ಉಳಿದ ಹುಡುಗರೆಲ್ಲ ಎಲ್ಲಿ ಎಂದು ವಿಚಾರಿಸಿದರು. ದುಬೈಯಲ್ಲಿದ್ದಾರೆ ಎಂದೆ. ಫೋನಿನಲ್ಲಿ ಅಂದಿನ ಫೋಟೋ ತೋರಿಸಿದೆ: ದೇರಾ, ಚಿನ್ನದ ಸೂಕಿನ ಬಾಗಿಲು, ಮೂರು ಸಾಲಾಗಿ ನಿಂತ ಕಪ್ಪು ಬ್ಲೇಜರುಗಳು. ಅವರು ಕನ್ನಡಕ ಏರಿಸಿಕೊಂಡು ತುಂಬಾ ಹೊತ್ತು ನೋಡಿದರು.

'ಅಯ್ಯೋ, ಮೊದ್ಲೇ ಹೇಳ್ಬಾರ್ದಾ ಸಾರ್? ಅವನ ಅಂಗಡಿ ಇಲ್ಲೇ ಹಿಂದುಗಡೆ ಬೀದಿ. ಇಷ್ಟು ಜನ ಕೋಟು ಹಾಕ್ಕೊಂಡು ಹೋಗಿ ಸುಮ್ನೆ ಬಾಗಿಲಲ್ಲಿ ನಿಂತಿದ್ರೂ ದುಡ್ಡು ಎಣಿಸಿ ಕೊಟ್ಟುಬಿಡ್ತಿದ್ದ. ನಿಮ್ಮ ಮುಂದಿನ ಬ್ಯಾಚ್ ಯಾವಾಗ ಹೋಗುತ್ತೆ?'