ಬಾದರಾಯಣ ಸಂಬಂಧ ಮೀಮಾಂಸೆ

ಪೀಠಿಕೆ

ಮದುವೆ ಮನೆಯ ಪಂಕ್ತಿಯಲ್ಲಿ ಕೋಸಂಬರಿಗೆ ಪಕ್ಕದ ಎಲೆಯವರ ಊರು ಕೇಳಿ, ಪಲ್ಯಕ್ಕೆ ಮನೆದೇವರನ್ನು ತಿಳಿದು, ಹೋಳಿಗೆಗೆ ತುಪ್ಪ ಬೀಳುವುದರೊಳಗೆ "ಹಾಗಾದರೆ ನೀವು ನಮ್ಮ ಚಿಕ್ಕಪ್ಪನ ಷಡ್ಡಕರ ಬೀಗರ ಕಡೆಯವರು" ಎಂದು ತೀರ್ಪು ಕೊಡುವ ವಿದ್ಯೆ ನಮ್ಮಲ್ಲಿ ಅನಾದಿಯಾದದ್ದು. ಈಚೆಗೆ ಅದಕ್ಕೆ ಕಂಪ್ಯೂಟರು, ಡಾಲರು ಮತ್ತು ಎಂಜಲು ಮೂರೂ ಕೂಡಿ ಶಾಸ್ತ್ರದ ಪದವಿ ಪ್ರಾಪ್ತವಾಗಿದೆ. ಎಂಜಲಾಯಿತೆಂದು ಲೋಟ ಎತ್ತಿ ಕುಡಿಯುತ್ತಿದ್ದ ಕುಲಗಳು ಇಂದು ಕುಲ ತಿಳಿಯಲು ಎಂಜಲನ್ನೇ ಕೊಳವೆಗೆ ತುಂಬಿ ಅಮೆರಿಕದಲ್ಲಿ ಅಂಚೆಗೆ ಹಾಕುತ್ತಿವೆ. ಆದ್ದರಿಂದ ಪ್ರಸ್ತುತ ಪ್ರಬಂಧ.

ಶಾಸ್ತ್ರದ ಮೂಲದೃಷ್ಟಾಂತ ಎಲ್ಲರೂ ಬಲ್ಲದ್ದು. ಗಾಡಿ ಕಟ್ಟಿಕೊಂಡು ಬಂದ ಅಪರಿಚಿತನೊಬ್ಬ ಯಾರದೋ ಮನೆಯಲ್ಲಿ ಉಂಡು ಮಲಗಿ ಹೊರಟಾಗ, ಯಾವ ಕಡೆ ನಂಟು ಎಂದು ಮನೆಯವರು ಕೇಳಿದರಂತೆ. "ನನ್ನ ಗಾಡಿಯ ಚಕ್ರ ಬದರಿ, ಅಂದರೆ ಎಲಚಿ ಮರದ್ದು, ನಿಮ್ಮ ಅಂಗಳದಲ್ಲಿರುವುದೂ ಎಲಚಿ ಮರವೇ" ಎಂದನಂತೆ ಆತ. ಲೋಕದ ಸಮಸ್ತ ವಂಶಾವಳಿಗಳೂ ಈ ವಾಕ್ಯದ ವಿಸ್ತರಣೆಗಳೆಂಬುದೇ ನಮ್ಮ ಪ್ರತಿಜ್ಞೆ.

ಪ್ರಥಮ ಪ್ರಮೇಯ: ಗಣಿತ

ಅಪ್ಪ ಅಮ್ಮ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು. ಹೀಗೆ ಇಮ್ಮಡಿಸುತ್ತ ಹೋದರೆ ಹತ್ತನೆಯ ತಲೆಮಾರಿಗೆ 1,024 ಮಂದಿ, ಇಪ್ಪತ್ತನೆಯದಕ್ಕೆ 10,48,576 ಮಂದಿ, ಮೂವತ್ತನೆಯದಕ್ಕೆ 107 ಕೋಟಿಗೂ ಮಿಕ್ಕಿ ಪೂರ್ವಜರು ಬೇಕು. ತಲೆಮಾರಿಗೆ 25 ವರ್ಷ ಹಿಡಿದರೆ ಅದು 750 ವರ್ಷದ ಹಿಂದಿನ ಮಾತು, ಸೋಮನಾಥಪುರದ ಕೇಶವ ದೇವಾಲಯ ಇನ್ನೂ ಹೊಸದಾಗಿದ್ದ ಕಾಲ. ಆಗ ಇಡೀ ಭೂಮಂಡಲದ ಜನಸಂಖ್ಯೆ 50 ಕೋಟಿಯೂ ಇರಲಿಲ್ಲ. ಅಂದಮೇಲೆ ಒಬ್ಬೊಬ್ಬ ಪೂರ್ವಜನೂ ನಮ್ಮ ಮರದಲ್ಲಿ ಹಲವು ಕೊಂಬೆಗಳಲ್ಲಿ ಏಕಕಾಲಕ್ಕೆ ಕುಳಿತಿರಲೇಬೇಕು. ನಿಮ್ಮ ಮರದಲ್ಲೂ ಅವನೇ ಕುಳಿತಿದ್ದಾನೆ.

ಇದರಿಂದ ಎಲ್ಲರೂ ಎಲ್ಲರಿಗೂ ನೆಂಟರೆಂದು ಸಿದ್ಧವಾಯಿತು. ಆದರೆ ಕ್ಷೇತ್ರಕಾರ್ಯದಲ್ಲಿ ಒಂದು ವೈಚಿತ್ರ್ಯ ಕಂಡುಬಂದಿದೆ. ಆ ದೇವಾಲಯ ಕಟ್ಟಿಸಿದ ದಂಡನಾಯಕರ ಪೀಳಿಗೆಯವರು ನಾವೆನ್ನುವವರು ಬೇಕಾದಷ್ಟು ಸಿಗುತ್ತಾರೆ, ಅದಕ್ಕೆ ಕಲ್ಲು ಹೊತ್ತವನ ಪೀಳಿಗೆಯವರು ಒಬ್ಬರೂ ಸಿಗುವುದಿಲ್ಲ. ಕಲ್ಲು ಹೊತ್ತವರೆಲ್ಲ ಬ್ರಹ್ಮಚಾರಿಗಳಾಗಿಯೇ ತೀರಿಕೊಂಡಿರಬೇಕೆಂದು ಊಹಿಸಲಾಗಿದೆ.

ದ್ವಿತೀಯ ಪ್ರಮೇಯ: ಪೂರ್ವಸೂರಿಗಳು

ಈ ಶಾಸ್ತ್ರದ ಆಚಾರ್ಯರು ನಮ್ಮ ಹೆಳವರು. ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಸುಗ್ಗಿಯ ನಂತರ ಬಂದು, ಮನೆಯ ಮುಂದೆ ನಿಂತು, ಆ ಮನೆತನ ಎಲ್ಲಿಂದ ಎದ್ದು ಎಲ್ಲಿಗೆ ಬಂತು, ಯಾರಿಗೆ ಯಾರು ಹುಟ್ಟಿದರು ಎಂಬುದನ್ನು ಒಂದೇ ಉಸಿರಿಗೆ ಹೊಗಳಿ ಹೇಳುತ್ತಿದ್ದವರು. ತೊಟ್ಟಿಲಲ್ಲಿ ಹೊಸ ಕೂಸಿದ್ದರೆ ಅದರ ಹೆಸರು ಕೇಳಿ ಹೊತ್ತಗೆಗೆ ಏರಿಸಿಕೊಂಡು, ಕೊಟ್ಟ ಜೋಳ, ಬಟ್ಟೆ ಪಡೆದು ಮುಂದಿನ ಊರಿಗೆ ಹೋಗುತ್ತಿದ್ದರು. ವಾರ್ಷಿಕ ಚಂದಾ, ಮನೆಬಾಗಿಲಿಗೆ ಸೇವೆ, ಪಾಸ್‌ವರ್ಡ್ ಮರೆಯುವ ಭಯವಿಲ್ಲ. ಎತ್ತು ದಾನ ಕೊಟ್ಟ ಮನೆಯ ಪೂರ್ವಜರು ಮುಂದಿನ ಸುಗ್ಗಿಗೆ ಸ್ವಲ್ಪ ಎತ್ತರವಾಗುತ್ತಿದ್ದರೆಂಬ ಗುಮಾನಿ ಇದೆಯಾದರೂ ಸಾಕ್ಷಿ ಇಲ್ಲ.

ಉತ್ತರದಲ್ಲಿ ಹರಿದ್ವಾರದ ಪಂಡಾಗಳದ್ದು ಬಹಿಗಳೆಂಬ ಉದ್ದನೆಯ ಲೆಕ್ಕದ ಪುಸ್ತಕಗಳ ಮಾರ್ಗ. 1894ರಲ್ಲಿ ಮಾರ್ಮನ್ ಚರ್ಚಿನವರು ಸಾಲ್ಟ್ ಲೇಕ್ ಸಿಟಿಯಲ್ಲಿ ಕಟ್ಟಿದ ಯೂಟಾ ವಂಶಾವಳಿ ಸಂಘ ಅವುಗಳನ್ನೂ ಮೈಕ್ರೋಫಿಲ್ಮ್ ಮಾಡಿಕೊಂಡು ಹೋಗಿದೆ. ಸತ್ತ ಪೂರ್ವಜರಿಗೆ ದೀಕ್ಷೆ ಕೊಡಿಸಿ ಸದ್ಗತಿ ಕಾಣಿಸಬೇಕೆಂಬುದು ಅವರ ಧರ್ಮ. ನಾವು ತರ್ಪಣಕ್ಕೆ ಬೇಕಾದ ಮೂರು ತಲೆ ನೆನಪಿಟ್ಟುಕೊಂಡು ನಾಲ್ಕನೆಯವನನ್ನು ಮರೆತೆವು. ಅವನ ಹೆಸರು ಬೇಕಾದರೆ ಈಗ ಯೂಟಾದವರನ್ನು ಕೇಳಬೇಕು.

ತೃತೀಯ ಪ್ರಮೇಯ: ಮರವೋ ಬಲೆಯೋ

ಪಾಶ್ಚಾತ್ಯರು ವಂಶವನ್ನು ಮರವೆಂದರು. ಸೋದರಮಾವನಿಗೆ ಹೆಣ್ಣು ಕೊಡುವ ನಾಡಿನಲ್ಲಿ ಈ ಉಪಮಾನ ನಿಲ್ಲುವುದಿಲ್ಲ. ಹುಡುಗಿ ತಾಯಿಯ ತಮ್ಮನನ್ನು ಮದುವೆಯಾದಳೆನ್ನಿ. ಅವಳ ಮಗುವಿಗೆ ಅಪ್ಪನ ತಾಯಿಯೂ ಅಮ್ಮನ ಅಜ್ಜಿಯೂ ಒಬ್ಬಳೇ. ಮಗು ಆಕೆಯನ್ನು ಅಜ್ಜಿ ಎನ್ನಬೇಕೋ ಮುತ್ತಜ್ಜಿ ಎನ್ನಬೇಕೋ ತಿಳಿಯದೆ ವಂಶವೃಕ್ಷ ಬರೆಯುವ ಸಾಫ್ಟ್‌ವೇರು ಚುಕ್ಕೆಗೆರೆ ಎಳೆದು ಆಕೆಯನ್ನು ಎರಡು ಕಡೆ ಕೂರಿಸುತ್ತದೆ. ಆಕೆ ಮಾತ್ರ ಎರಡೂ ಪಾಲಿನ ಕೆಲಸ ಒಬ್ಬಳೇ ಮಾಡುತ್ತಿರುತ್ತಾಳೆ.

ವಂಶವಾಹಿ ಪರೀಕ್ಷೆಯವರು ನಂಟನ್ನು ಸೆಂಟಿಮಾರ್ಗನ್ ಎಂಬ ಮಾಪನದಲ್ಲಿ ಅಳೆಯುತ್ತಾರೆ. ಶತಮಾನಗಟ್ಟಲೆ ಜಾತಿಯೊಳಗೇ ಹೆಣ್ಣು ಕೊಟ್ಟು ತಂದವರಲ್ಲಿ ಒಂದೇ ಬಗೆಯ ತುಣುಕುಗಳು ಎಲ್ಲರಿಗೂ ಹಂಚಿಹೋಗಿರುವುದರಿಂದ ದೂರದವನೂ ಹತ್ತಿರದವನಾಗಿ ತೋರುತ್ತಾನೆ. ಮಾಪನದ ಹೆಸರು ನೊಣಗಳ ವಂಶ ಶೋಧಿಸಿದ ಥಾಮಸ್ ಹಂಟ್ ಮಾರ್ಗನ್‌ರದ್ದು. ಮನುಷ್ಯರ ನಂಟು ಶೋಧಿಸಿದವರು ಬೇರೆ ಮಾರ್ಗನ್, ಲೂಯಿಸ್ ಹೆನ್ರಿ ಎಂಬ ವಕೀಲರು. ಅಮೆರಿಕದ ಸೆನೆಕಾ ಮೂಲನಿವಾಸಿಗಳೂ ತಮಿಳರೂ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳನ್ನು ಅಣ್ಣತಮ್ಮಂದಿರೆಂದೇ ಎಣಿಸುವುದನ್ನು ಕಂಡು ಬೆರಗಾಗಿ, ಸೆನೆಕಾದವರು ಏಷ್ಯಾದಿಂದ ಹೋದವರೆಂಬುದಕ್ಕೆ ಇದೂ ಸಾಕ್ಷಿಯೆಂದು 1871ರ ತಮ್ಮ ಮಹಾಗ್ರಂಥದಲ್ಲಿ ವಾದಿಸಿದರು. ಎಲಚಿ ಮರದ ನ್ಯಾಯ ಇಷ್ಟು ದೂರ ಹೋದದ್ದು ಅದೇ ಮೊದಲು. ಈ ಇಬ್ಬರು ಮಾರ್ಗನ್ನರಿಗೆ ಏನು ನಂಟೆಂಬುದು ನಮ್ಮ ಪಂಕ್ತಿಯಲ್ಲಿ ಕೂರಿಸಿದ್ದರೆ ಹೋಳಿಗೆಗೆ ಮುಂಚೆ ತೀರ್ಮಾನವಾಗುತ್ತಿತ್ತು.

ಚತುರ್ಥ ಪ್ರಮೇಯ: ದೇವದತ್ತ ದೋಷ

ನ್ಯಾಯಶಾಸ್ತ್ರದ ಖಾಯಂ ಗಿರಾಕಿ ದೇವದತ್ತನನ್ನೇ ತೆಗೆದುಕೊಳ್ಳೋಣ. ಅವನ ಮಗ ಯಜ್ಞದತ್ತ. ಅಜ್ಜನ ಹೆಸರು ಮೊಮ್ಮಗನಿಗೆ ಇಡುವುದು ನಮ್ಮ ರೂಢಿಯಾದ್ದರಿಂದ ಯಜ್ಞದತ್ತನ ಮಗನೂ ದೇವದತ್ತ. ಇಬ್ಬರಿಗೂ ಅಡ್ಡಹೆಸರಿಲ್ಲ, ಹುಟ್ಟಿದ ತಾರೀಖು ಗೊತ್ತಿಲ್ಲ, ಊರೊಂದೇ. "ಈ ಇಬ್ಬರೂ ಒಬ್ಬರೇ, ಸೇರಿಸಲೇ?" ಎಂದು ಪರದೆ ಕೇಳುತ್ತದೆ. ನ್ಯೂಜೆರ್ಸಿಯ ಉತ್ಸಾಹಿ ಮರಿಮಗ ಹೌದು ಎಂದು ಒತ್ತುತ್ತಾನೆ. ಆ ಕ್ಷಣದಿಂದ ದೇವದತ್ತ ಯಜ್ಞದತ್ತನಿಗೆ ಅಪ್ಪನೂ ಹೌದು, ಮಗನೂ ಹೌದು. ತಾರ್ಕಿಕರು ಅನ್ಯೋನ್ಯಾಶ್ರಯ ದೋಷವೆಂದು ಕರೆದದ್ದು ಇದನ್ನೇ.

ಪೂರ್ವಪಕ್ಷ ಮತ್ತು ಸಮಾಧಾನ

"ದೇವದತ್ತನ ಹೆಂಡತಿ ಎಲ್ಲಿ?" ಎಂದು ಆಕ್ಷೇಪ ಬರಬಹುದು. ಮರದಲ್ಲಿ ಆಕೆ "ಪತ್ನಿ" ಎಂಬ ಹೆಸರಿನಿಂದ ಪ್ರಸಿದ್ಧಳು. ಅಳಿಯಸಂತಾನದ ತುಳುನಾಡಿನಲ್ಲಿ "ಬರಿ" ಎಂಬ ಕುಲ ತಾಯಿಯಿಂದ ಇಳಿಯುವುದರಿಂದ ಅಲ್ಲಿ ಕಾಣೆಯಾಗುವ ಸರದಿ ಅಪ್ಪನದು. ಉಳಿದೆಡೆ ಗಂಡುಮಕ್ಕಳು ಕೊಂಬೆಗಳು, ಹೆಣ್ಣುಮಕ್ಕಳು ಉದುರಿದ ಎಲೆಗಳು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿಯಾಗಿ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಬಂದಮೇಲೆ ಈ ಎಲೆಗಳನ್ನು ಹುಡುಕುವ ಕಾರ್ಯ ಚುರುಕಾಯಿತು. ಪೌತಿ ಖಾತೆಗೆಂದು ನಾಡಕಚೇರಿಯಲ್ಲಿ ವಂಶವೃಕ್ಷ ಬರೆಸುವ ಅಣ್ಣ, ಇಪ್ಪತ್ತು ವರ್ಷ ಬಾಗಿಲು ತುಳಿಯದ ತಂಗಿಯ ಮನೆಗೆ ತಾನೇ ಹೋಗುತ್ತಾನೆ. ತಟ್ಟೆಯಲ್ಲಿ ಅರಿಶಿನ ಕುಂಕುಮ, ರೇಷ್ಮೆ ಸೀರೆ, ಸೀರೆಯ ಮಡಿಕೆಯಲ್ಲಿ ಹಕ್ಕು ಖುಲಾಸೆ ಪತ್ರ. ಕಳೆದುಹೋದ ಬಂಧುಗಳನ್ನು ಪತ್ತೆಹಚ್ಚುವುದರಲ್ಲಿ ಸರ್ವೆ ನಂಬರಿಗೆ ಸರಿಸಾಟಿಯಾದ ಯಂತ್ರ ಇನ್ನೂ ಬಂದಿಲ್ಲ.

ಎರಡನೆಯ ಆಕ್ಷೇಪ: ಹುಡುಕಿದ್ದು ಹಿಡಿಸದಿದ್ದರೆ? ಎಸ್.ಎಲ್. ಭೈರಪ್ಪನವರು 1965ರಲ್ಲೇ "ವಂಶವೃಕ್ಷ" ಕಾದಂಬರಿ ಬರೆದು ಎಚ್ಚರಿಸಿದ್ದಾರೆ. ಕುಲದ ಶುದ್ಧಿಗೆ ಬದುಕನ್ನೇ ಮುಡಿಪಿಟ್ಟ ಶ್ರೀನಿವಾಸ ಶ್ರೋತ್ರಿಗಳಿಗೆ ತಮ್ಮ ಹುಟ್ಟು ಆ ಕುಲದ್ದಲ್ಲವೆಂದು ತಿಳಿಯಲು ಹಳೆಯ ಕಾಗದಪತ್ರವೇ ಸಾಕಾಯಿತು, ಎಂಜಲು ಬೇಕಾಗಲಿಲ್ಲ. ಇನ್ನು ಎಂಜಲು ಕೊಟ್ಟವರ ಗತಿ ಕೇಳಿದರೆ, ಒಂದೂವರೆ ಕೋಟಿ ಗಿರಾಕಿಗಳ ಮಾಹಿತಿ ಹೊಂದಿದ್ದ ಟ್ವೆಂಟಿಥ್ರೀ ಆ್ಯಂಡ್ ಮಿ ಎಂಬ ವಂಶವಾಹಿ ಪರೀಕ್ಷೆಯ ಕಂಪನಿ 2025ರ ಮಾರ್ಚಿನಲ್ಲಿ ದಿವಾಳಿ ಅರ್ಜಿ ಹಾಕಿ ಆ ಮಾಹಿತಿಯನ್ನೂ ಹರಾಜಿಗಿಟ್ಟಿತು. ಹೆಳವರು ವಂಶಾವಳಿಯನ್ನು ಹರಾಜಿಗೆ ಇಟ್ಟದ್ದನ್ನು ಯಾರೂ ಕೇಳಿಲ್ಲ.

ಸಿದ್ಧಾಂತ

ನಂಟು ರಕ್ತದಲ್ಲಿ ಎಲ್ಲರಿಗೂ ಇದೆ, ಗಣಿತ ಅದನ್ನು ಬಿಟ್ಟಿಯಾಗಿ ಸಾಬೀತು ಮಾಡಿದೆ. ಯಾವುದು ನೆನಪಿರಬೇಕು, ಯಾವುದು ಮರೆಯಬೇಕು ಎಂಬುದನ್ನು ಮಾತ್ರ ಜಮೀನು, ಮದುವೆ ಮತ್ತು ಬೆಂಗಳೂರಿನಲ್ಲಿ ಮಗನಿಗೆ ತಂಗಲು ಬೇಕಾದ ಕೋಣೆ ನಿರ್ಧರಿಸುತ್ತವೆ. ಆದ್ದರಿಂದ ಮರ ಬರೆಯಲು ಕೂತವರು ದಂಡನಾಯಕನನ್ನು ಹುಡುಕುವ ಮೊದಲು "ಪತ್ನಿ" ಎಂದಿರುವ ಕಡೆಯಲ್ಲೆಲ್ಲ ಹೆಸರು ತುಂಬಿಸಬೇಕು. ಆ ಹೆಸರು ಬಲ್ಲವರು ಮನೆಯಲ್ಲಿ ಇನ್ನೂ ಇದ್ದಾರೆ, ಚಂದಾ ಕೇಳುವುದಿಲ್ಲ.

ಪ್ರಬಂಧಕಾರನಿಗೆ ತಾವು ಬಂಧುಗಳೆಂದು ಮೇಲಿನ ಯಾವುದೇ ಪ್ರಮೇಯದಿಂದ ಸಾಧಿಸಬಲ್ಲ ಓದುಗರಲ್ಲಿ, ಪಹಣಿ ಉಳ್ಳವರು ಕೂಡಲೇ, ಬ್ಯಾಂಕ್ ಸಾಲಕ್ಕೆ ಜಾಮೀನು ಬೇಕಿರುವವರು ಮುಂದಿನ ತಲೆಮಾರಿನಲ್ಲಿ ಸಂಪರ್ಕಿಸತಕ್ಕದ್ದು.