ಕಂತಿಗೆ ರಜೆ, ಬಡ್ಡಿಗೆ ಡ್ಯೂಟಿ

2020ರ ಮಾರ್ಚ್ ಕೊನೆಗೆ ರೈಲು ನಿಂತಿತು, ಮದುವೆ ನಿಂತಿತು, ದೇವಸ್ಥಾನಕ್ಕೂ ಬೀಗ ಬಿತ್ತು. ಒಂದು ದಿನವೂ ರಜೆ ಹಾಕದೆ ದುಡಿದದ್ದು ಬಡ್ಡಿಯೊಂದೇ. ಅದಕ್ಕೆ ಮಾಸ್ಕ್ ಬೇಡ, ಪಾಸ್ ಬೇಡ, ಪೊಲೀಸರ ಲಾಠಿಯ ಭಯವೂ ಇಲ್ಲ.

ಮಾರ್ಚ್ 27ರಂದು ರಿಸರ್ವ್ ಬ್ಯಾಂಕಿಗೆ ಸಾಲಗಾರರ ಮೇಲೆ ಕನಿಕರ ಹುಟ್ಟಿತು. ಮೂರು ತಿಂಗಳು ಕಂತು ಕಟ್ಟದಿದ್ದರೂ ಸರಿ ಎಂದಿತು. ಆಮೇಲೆ ಅದನ್ನೇ ಆಗಸ್ಟ್ 31ಕ್ಕೆ ಎಳೆಯಿತು. ಸಾಲದ ಆಟೊದವನು ಬ್ಯಾಂಕಿದ್ದ ದಿಕ್ಕಿಗೆ ಕೈಮುಗಿದ. ರಜೆ ಕಂತಿಗೆ ಮಾತ್ರ ಎಂದು ಅವನಿಗೆ ತಿಳಿಯುವಷ್ಟರಲ್ಲಿ ಬಡ್ಡಿ ಮರಿ ಹಾಕಿತ್ತು. ಜನ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, 2 ಕೋಟಿವರೆಗಿನ ಸಾಲದ ಚಕ್ರಬಡ್ಡಿಯ ಹೆಚ್ಚುವರಿಯನ್ನು ಸರ್ಕಾರ ತುಂಬಿಕೊಟ್ಟಿತು. ಸಾಲಗಾರನ ಪರವಾಗಿ ತೆರಿಗೆದಾರ ಕಟ್ಟಿದ. ಇಬ್ಬರೂ ಒಬ್ಬನೇ ಆಗಿದ್ದರೆ ಅದು ಅವನ ಹಣೆಬರಹ.

ಬ್ಯಾಂಕಿನ ಆರೋಗ್ಯಕ್ಕೆ ಬರೋಣ. ತೊಂಬತ್ತು ದಿನ ಬಾಕಿ ನಿಂತರೆ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಆದರೆ ರಜೆಯ ದಿನಗಳನ್ನು ಎಣಿಸುವಂತಿರಲಿಲ್ಲ. ಆಗಸ್ಟ್ 31ರವರೆಗೆ ಕೆಡದ ಸಾಲವನ್ನು ಸದ್ಯಕ್ಕೆ ಕೆಟ್ಟದ್ದೆನ್ನಬೇಡಿ ಎಂದು ಕೋರ್ಟೂ ಹೇಳಿತು. ಕೋವಿಡ್ ಕಾಲದ ಬಾಕಿಗೆ ದಿವಾಳಿ ಅರ್ಜಿ ಹಾಕುವುದನ್ನೂ ಒಂದು ವರ್ಷ ತಡೆದರು. ಥರ್ಮಾಮೀಟರ್ ಕಿತ್ತುಕೊಂಡ ವಾರ್ಡಿನಲ್ಲಿ ಯಾರಿಗೆ ತಾನೇ ಜ್ವರ?

ಎನ್‌ಪಿಎ ಶೇ 8.5ರಿಂದ 12.5ಕ್ಕೆ, ಕೈಮೀರಿದರೆ 14.7ಕ್ಕೆ ಏರೀತು ಎಂದು ರಿಸರ್ವ್ ಬ್ಯಾಂಕ್ ಜುಲೈನಲ್ಲಿ ಎದೆ ನಡುಗಿಸಿತ್ತು. 2021ರ ಮಾರ್ಚಿನಲ್ಲಿ ನೋಡಿದರೆ 7.5! ಅಂಗಡಿ ಮುಚ್ಚಿತು, ನೌಕರಿ ಹೋಯಿತು, ಕೆಟ್ಟ ಸಾಲ ಮಾತ್ರ ಇಳಿಯಿತು. ಆ ಹಣಕಾಸು ವರ್ಷ ಸುಮಾರು 2 ಲಕ್ಷ ಕೋಟಿ ರೂಪಾಯಿಯನ್ನು ರೈಟ್‌ಆಫ್ ಮಾಡಿದ್ದೂ ಈ ಪವಾಡಕ್ಕೆ ಕೈಜೋಡಿಸಿತು. ಮನ್ನಾ ಅಲ್ಲ, ವಸೂಲಿ ನಡೆದೇ ಇದೆ ಎಂದರು, ನಂಬೋಣ.

2020ರ ಮೇ ಕೊನೆಯಿಂದ ಸ್ಟೇಟ್ ಬ್ಯಾಂಕಿನ ಉಳಿತಾಯ ಖಾತೆಗೆ ಸಿಗುತ್ತಿದ್ದದ್ದು ಶೇ 2.7 ಬಡ್ಡಿ. ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಲ್ಲಿ ದುಡ್ಡಿಟ್ಟರೆ ಆಗ 3.35. ಸಾಲ ಕೊಡಿ ಎಂದು ಹರಿಯಬಿಟ್ಟ ಹಣ ಸಣ್ಣ ಅಂಗಡಿಯ ದಾರಿ ಹಿಡಿಯದೆ ಹುಟ್ಟಿದ ಮನೆಗೇ ವಾಪಸಾಯಿತು. ಅಂಥ ಕಾಲದಲ್ಲಿ ಮನೆಯಲ್ಲೇ ಇರಿ ಎಂಬ ಆಜ್ಞೆಯನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದವರು ಬೇರಾರೂ ಇರಲಿಕ್ಕಿಲ್ಲ.

ಈ ಆರೈಕೆ ಸಿಗದೆ ಹೋದ ಬ್ಯಾಂಕುಗಳೂ ಇದ್ದವು. ಬ್ಯಾಂಕುಗಳನ್ನು ಬಲಪಡಿಸುತ್ತೇವೆಂದು, ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕನ್ನು ಕೆನರಾಕ್ಕೂ ಕಾರ್ಪೊರೇಷನ್ ಬ್ಯಾಂಕನ್ನು ಯೂನಿಯನ್ ಬ್ಯಾಂಕಿಗೂ ಸೇರಿಸಿದ್ದು 2020ರ ಏಪ್ರಿಲ್ 1ರಂದು, ಲಾಕ್‌ಡೌನಿನ ನಡುವೆ. ಅಂತ್ಯಕ್ರಿಯೆಗೆ ಇಪ್ಪತ್ತಕ್ಕಿಂತ ಹೆಚ್ಚು ಜನ ಸೇರಬಾರದೆಂಬ ನಿಯಮ ಆಗ ಜಾರಿಯಲ್ಲಿತ್ತು.